ನಿಮಗಿದು ಗೊತ್ತೆ? ಈ ಭರಣಿಗೆ ಬಣ್ಣ ಬಳಿಯಲು ಕುಂಚ ಬೇಡ!

ಚನ್ನಪಟ್ಟಣದ ಕುಶಲಿಗಳು ಒಣಗಿದ ಹಾಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ, ಉಳಿಯಿಂದ ಹೊರಮೈ ಕಡೆದು, ಒಳಗೆ ಕೊರೆದು ಕುಂಕುಮದ ಭರಣಿ ಮಾಡುತ್ತಾರೆ. ಅದು ಗಿರ್ರನೆ ಸುತ್ತುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಮೈಗೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ಕೇದಿಗೆ ಎಲೆ ಒತ್ತಿದರೆ ಬಣ್ಣ ಸಮನಾಗಿ ಹರಡಿ, ಎಂಥ ಹೊಳಪು!

ಇಂಥ ಕಡೆತದ ಸೊಬಗು ನೋಡಲು ರೋಣ, ನರಗುಂದ, ಗಜೇಂದ್ರಗಡದವರು ದೂರ ಹೋಗಬೇಕಿಲ್ಲ. ತಮ್ಮದೇ ಗದಗ ಜಿಲ್ಲೆಯ ಲಕ್ಕುಂಡಿಯ ಗುಡಿಗಳಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲಿನ ಕಂಬಗಳನ್ನೇ ತಿರುಗಿಸಿ ಕಡೆದಿದ್ದಾರೆ. ಬಳೆ ಪೇರಿಸಿದಂತಿರುವ ಆ ನುಣುಪು ಸುತ್ತುಗಳನ್ನು ಒಮ್ಮೆ ಹತ್ತಿರ ನಿಂತು ನೋಡಿ.