ಅಳಿಸಿದ್ದೀವಿ ಅಂದ್ಕೊಂಡ ಮೆಮೊರಿ

ಸಿಂಧನೂರು, ಲಿಂಗಸುಗೂರು, ಮಸ್ಕಿ, ಯಾವ ಊರಿನ ನ್ಯಾಯಬೆಲೆ ಅಂಗಡಿಗೆ ಹೋದ್ರೂ ರೇಷನ್ ಕೊಡೋ ಮುಂಚೆ ಬೆರಳು ಇಡಿಸ್ತಾರೆ. ಆ ಬೆರಳಚ್ಚಿನ ಚಿತ್ರ ಎನ್‌ಕ್ರಿಪ್ಟ್ ಆಗೋವರೆಗೆ, ಸ್ಕ್ಯಾನರ್ ಒಳಗೋ ಕಂಪ್ಯೂಟರ್ ಒಳಗೋ, ಒಂದು ಬಫರ್‌ನಲ್ಲಿ ಇದ್ದೇ ಇರುತ್ತೆ. ಪಾಸ್‌ವರ್ಡ್ ಸೋರಿದ್ರೆ ಬದಲಾಯಿಸಬಹುದು, ಹೆಬ್ಬೆರಳು ಬದಲಾಯಿಸೋಕಾಗಲ್ಲ. ಅದಕ್ಕೇ ಕೆಲಸ ಮುಗಿದ ತಕ್ಷಣ ಬಫರ್ ಅಳಿಸೋದು ಕೋಡ್ ಬರೆಯೋರ ಜವಾಬ್ದಾರಿ. ಮೆಮ್‌ಸೆಟ್ ಹಾಕಿ ಸೊನ್ನೆ ತುಂಬಿದ್ರೆ ಆಯ್ತಲ್ಲ ಅಂತ ನಮಗೆ ಅನ್ಸುತ್ತೆ. ಯಾವಾಗಲೂ ಆಗಲ್ಲ.

ಮೊದಲನೇದಾಗಿ, ಲಿನಕ್ಸ್ ಕರ್ನಲ್‌ನಲ್ಲಿ ಕೆಫ್ರೀ ಕರೆದ ಮಾತ್ರಕ್ಕೆ ಮೆಮೊರಿ ಅಳಿಯುತ್ತೆ ಅಂತ ನಂಬೋ ಹಾಗಿಲ್ಲ. ಲಿಂಗಸುಗೂರಿಂದ ಸಿಂಧನೂರಿಗೆ ಹೋಗೋ ಬಸ್ಸಲ್ಲಿ ಒಬ್ಬರು ಮಸ್ಕಿಯಲ್ಲಿ ಇಳಿದ್ರು ಅನ್ನಿ. ಸೀಟು ಖಾಲಿ, ಆದ್ರೆ ಶೇಂಗಾ ಸಿಪ್ಪಿ ಅಲ್ಲೇ. ಹಾಗೇ, ಅದೇ ಜಾಗವನ್ನ ಇನ್ನೊಂದು ಡ್ರೈವರ್ ಕೆಮಲ್ಲಾಕ್‌ನಿಂದ ಪಡೆದಾಗ ಹಳೇ ಬೈಟ್‌ಗಳು ಹಾಗೇ ಸಿಗಬಹುದು.

ಇನ್ನು ಕಂಪೈಲರ್ ವಿಷಯ. ಫಂಕ್ಷನ್ ಒಳಗೆ 32 ಬೈಟಿನ ಕೀ ಅರೇ ಇದೆ, ಬಳಸಿದ ಮೇಲೆ ಕೊನೇ ಸಾಲಲ್ಲಿ ಮೆಮ್‌ಸೆಟ್ ಮಾಡಿದ್ದೀವಿ. ಕಂಪೈಲರ್ ನೋಡೋದು ಒಂದೇ: ಈ ಸೊನ್ನೆಗಳನ್ನ ಮುಂದೆ ಯಾರಾದ್ರೂ ಓದ್ತಾರಾ? ಯಾರೂ ಓದಲ್ಲ, ಫಂಕ್ಷನ್ ಮುಗೀತು. ಹಾಗಾದ್ರೆ ಬರೆಯೋದೇ ದಂಡ ಅಂತ ಆ ಸಾಲನ್ನೇ ಕಿತ್ತು ಹಾಕುತ್ತೆ. ಇದಕ್ಕೆ ಡೆಡ್ ಸ್ಟೋರ್ ಎಲಿಮಿನೇಷನ್ ಅಂತಾರೆ. ಕಂಪೈಲರ್‌ದು ತಪ್ಪಲ್ಲ, ಸಿ ಭಾಷೆಯ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಪ್ರೋಗ್ರಾಂನ ಉತ್ತರ ಬದಲಾಗಲ್ಲ, ಟೆಸ್ಟ್ ಎಲ್ಲಾ ಪಾಸ್. ಸೋರ್ಸ್ ಕೋಡ್ ಓದಿದವರಿಗೂ ಅಳಿಸಿದ ಹಾಗೇ ಕಾಣುತ್ತೆ. ನನ್ನ ಪ್ರಕಾರ ಭಯ ಹುಟ್ಟಿಸೋದು ಇದೇ.

ಲಿನಕ್ಸ್‌ನಲ್ಲಿ ಇದಕ್ಕೆ ಮೆಮ್‌ಜೀರೋ ಎಕ್ಸ್‌ಪ್ಲಿಸಿಟ್ ಅನ್ನೋ ಫಂಕ್ಷನ್ 2014ರಲ್ಲಿ ಬಂತು. ಒಳಗಿರೋದು ಅದೇ ಮೆಮ್‌ಸೆಟ್, ಆದ್ರೆ ಹಿಂದೆಯೇ ಒಂದು ಬ್ಯಾರಿಯರ್ ಇರುತ್ತೆ. "ಈ ಮೆಮೊರಿಯನ್ನ ಯಾರೋ ಓದಬಹುದು" ಅಂತ ಅದು ಕಂಪೈಲರ್‌ಗೆ ಹೇಳೋದ್ರಿಂದ ಸೊನ್ನೆಗಳು ಉಳೀತವೆ. ವಿಂಡೋಸ್ ಡ್ರೈವರ್ ಬರೆಯೋರಿಗೆ ಆರ್‌ಟಿಎಲ್ ಸೆಕ್ಯೂರ್ ಜೀರೋ ಮೆಮೊರಿ ಇದೆ. ಹೆಸರಲ್ಲಿ ಸೆಕ್ಯೂರ್ ಇಲ್ಲದ ಆರ್‌ಟಿಎಲ್ ಜೀರೋ ಮೆಮೊರಿ ಬರೀ ಮೆಮ್‌ಸೆಟ್ ಅಷ್ಟೇ. ಸಿ23 ಸ್ಟ್ಯಾಂಡರ್ಡ್‌ನಲ್ಲೂ ಮೆಮ್‌ಸೆಟ್ ಎಕ್ಸ್‌ಪ್ಲಿಸಿಟ್ ಸೇರಿದೆ.

ಅಳಿಸಿ ಆಮೇಲೆ ಫ್ರೀ ಮಾಡೋಕೆ ಲಿನಕ್ಸ್‌ನಲ್ಲಿ ಕೆಫ್ರೀ ಸೆನ್ಸಿಟಿವ್ ಇದೆ. 2020ರವರೆಗೆ ಅದರ ಹೆಸರು ಕೆಜೆಡ್‌ಫ್ರೀ. ಕೆಜೆಡ್‌ಅಲ್ಲಾಕ್‌ನ ಜೋಡಿ ಅಂತ ತಪ್ಪು ತಿಳಿಯೋ ಹಾಗಿತ್ತು, ಅದಕ್ಕೇ ಹೆಸರು ಬದಲಾಯಿಸಿದ್ರು. ಒಳ್ಳೇದೇ ಮಾಡಿದ್ರು.

ಸರಿಯಾದ ಫಂಕ್ಷನ್ ಕರೆದ್ರೂ ಎಡವೋ ಜಾಗ ಎರಡಿವೆ. ಕೀ ಅನ್ನೋದು ಅರೇ ಅಲ್ಲದೆ ಪಾಯಿಂಟರ್ ಆಗಿದ್ರೆ ಸೈಜ್‌ಆಫ್ ಕೊಡೋದು ಪಾಯಿಂಟರ್‌ನ ಅಳತೆ. 64 ಬಿಟ್ ಮಷೀನಲ್ಲಿ ಅದು 8 ಬೈಟ್. ಅಂದ್ರೆ 32ರಲ್ಲಿ 24 ಬೈಟ್ ಹಾಗೇ ಉಳೀತು. ಇನ್ನೊಂದು ಎರರ್ ದಾರಿ: ಮಧ್ಯದಲ್ಲಿ ಏನೋ ಫೇಲಾಗಿ ರಿಟರ್ನ್ ಆದ್ರೆ ಕೊನೇ ಸಾಲಿನ ಅಳಿಸೋ ಕೆಲಸ ನಡೆಯೋದೇ ಇಲ್ಲ. ಗೋಟು ಬಳಸಬೇಡಿ ಅಂತ ಫಸ್ಟ್ ಇಯರಲ್ಲಿ ಹೇಳಿಕೊಟ್ಟಿರ್ತಾರೆ, ಆದ್ರೆ ಕರ್ನಲ್‌ನಲ್ಲಿ ಎಲ್ಲಾ ದಾರಿಗಳನ್ನೂ ಒಂದೇ ಔಟ್ ಲೇಬಲ್‌ಗೆ ತಂದು ಅಲ್ಲೇ ಅಳಿಸೋದು ಗೋಟುನಿಂದಲೇ!

ನಂಬಿಕೆ ಬರದಿದ್ರೆ ಲ್ಯಾಬಲ್ಲಿ ನೋಡಿ. ಮೆಮ್‌ಸೆಟ್‌ನಿಂದ ಮುಗಿಯೋ ಒಂದು ಚಿಕ್ಕ ಫಂಕ್ಷನ್ ಬರೆದು, ಜಿಸಿಸಿಯಲ್ಲಿ ಒಮ್ಮೆ ಆಪ್ಟಿಮೈಸೇಷನ್ ಇಲ್ಲದೆ, ಒಮ್ಮೆ ಓ2 ಕೊಟ್ಟು ಕಂಪೈಲ್ ಮಾಡಿ, ಎರಡನ್ನೂ ಆಬ್ಜ್‌ಡಂಪ್‌ನಲ್ಲಿ ತೆಗೀರಿ. ಎರಡನೇದ್ರಲ್ಲಿ ಸೊನ್ನೆ ತುಂಬೋ ಇನ್‌ಸ್ಟ್ರಕ್ಷನ್‌ಗಳನ್ನ ಹುಡುಕಿ.