ನಾಲ್ಕು ಸಲೂನ್, ಒಂದೇ ಬೀದಿ: ಗಿರಾಕಿ ಯಾರ ಕಡೆ?

ಈ ಸಲ ಎಐ ಬೇಡ, ಶೇರು ಮಾರ್ಕೆಟ್ಟೂ ಬೇಡ. ಕಟಿಂಗ್ ಅಂಗಡಿ ಬಗ್ಗೆ ಮಾತಾಡೋಣ.

ನಗಬೇಡಿ. ಪುಣೆಯ ವಾಕಡ್‌, ಹಿಂಜವಡಿ ಕಡೆ ಇರೋರು ಒಮ್ಮೆ ನಿಮ್ಮ ಸೊಸೈಟಿ ಗೇಟಿನಿಂದ ಹೊರಗೆ ಬಂದು ಎಣಿಸಿ ನೋಡಿ. ನಮ್ಮ ರಸ್ತೆಯಲ್ಲಿ ಐದು ನಿಮಿಷದ ನಡಿಗೆಯೊಳಗೆ ನಾಲ್ಕು ಸಲೂನ್ ಇವೆ. ಒಂದು ಹಳೇ ಮರಾಠಿಯವರದು, ಎರಡು ಉತ್ತರ ಪ್ರದೇಶದ ಹುಡುಗರು ನಡೆಸೋದು, ಇನ್ನೊಂದು ಗಾಜಿನ ಬಾಗಿಲಿನ ಎಸಿ ಸಲೂನ್. ನಾಲ್ಕೂ ನಡೀತಾ ಇವೆ. ಹೇಗೆ? ಒಂದೇ ತಲೆಗೆ ನಾಲ್ಕು ಕತ್ತರಿ ಹೇಗೆ ಪೈಪೋಟಿ ಮಾಡ್ತವೆ?

ಮೊದಲು ಒಂದು ವಿಷಯ. ನಮ್ಮ ಅಜ್ಜಂದಿರ ಕಾಲದಲ್ಲಿ ಹಳ್ಳಿಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ನಮ್ಮ ಕಡೆ ಹನ್ನೆರಡು ಆಯಗಾರರು, ಮಹಾರಾಷ್ಟ್ರದಲ್ಲಿ ಬಾರಾ ಬಲುತೇದಾರ್. ಹೆಸರು ಬೇರೆ, ಪದ್ಧತಿ ಹೆಚ್ಚುಕಡಿಮೆ ಒಂದೇ. ಕಮ್ಮಾರ, ಬಡಿಗ, ಕುಂಬಾರರ ಹಾಗೆ ಕ್ಷೌರಿಕನೂ ಅದರಲ್ಲಿ ಒಬ್ಬ. ಯಾವ ಮನೆ ಯಾರ ಪಾಲಿಗೆ ಅನ್ನೋದು ಮೊದಲೇ ಗೊತ್ತು. ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಆಯ ಸಿಗ್ತಿತ್ತು. ಗಿರಾಕಿ ಓಡಿಹೋಗ್ತಾನೆ ಅನ್ನೋ ಭಯ ಇರಲಿಲ್ಲ. ಆದರೆ ಕೆಲಸ ಬಿಡೋ ಸ್ವಾತಂತ್ರ್ಯ, ರೇಟು ಕೇಳೋ ಸ್ವಾತಂತ್ರ್ಯ ಕೂಡ ಇರಲಿಲ್ಲ. ಜಾತಿ ನೋಡಿ ಕೆಲಸ ಹಂಚಿದ್ದರಿಂದ ಗೌರವ ಕೂಡ ಸಿಗಲಿಲ್ಲ. ನಗರದ ಸಲೂನ್ ಅಂದರೆ ಆ ಪದ್ಧತಿಯಿಂದ ಹೊರಬಂದ ಜಾಗ. ಪೈಪೋಟಿ ಅನ್ನೋದು ಆ ಸ್ವಾತಂತ್ರ್ಯದ ಜೊತೆಗೇ ಬಂದ ಖರ್ಚು.

ಎಲ್ಲರೂ ಒಂದೇ ಕಡೆ ಯಾಕೆ?

1929ರಲ್ಲಿ ಹೆರಾಲ್ಡ್ ಹೊಟೆಲಿಂಗ್ ಅನ್ನೋ ಅರ್ಥಶಾಸ್ತ್ರಜ್ಞ ಒಂದು ಲೇಖನ ಬರೆದ. ಒಂದು ಉದ್ದನೆ ಬೀದಿ, ಎರಡು ಅಂಗಡಿ, ಒಂದೇ ಥರದ ಸರಕು. ಗಿರಾಕಿ ಹತ್ತಿರದ ಅಂಗಡಿಗೆ ಹೋಗ್ತಾನೆ. ಹಾಗಿದ್ದರೆ ಪ್ರತಿಯೊಬ್ಬ ವ್ಯಾಪಾರಿಗೂ ಪಕ್ಕದವನ ಕಡೆ ಸ್ವಲ್ಪ ಸ್ವಲ್ಪವೇ ಸರಿದರೆ ಲಾಭ. ಕೊನೆಗೆ ಇಬ್ಬರೂ ಮಧ್ಯದಲ್ಲಿ ಅಕ್ಕಪಕ್ಕ ಬಂದು ಕೂರ್ತಾರೆ. ನಮ್ಮ ಬೀದಿಯ 'ಮಧ್ಯ' ಯಾವುದು? ದೊಡ್ಡ ಸೊಸೈಟಿಗಳ ಗೇಟು. ಅದಕ್ಕೇ ನಾಲ್ಕೂ ಅಲ್ಲೇ ಇವೆ.

ಸರಿ, ಜಾಗದಲ್ಲಿ ವ್ಯತ್ಯಾಸ ಇಲ್ಲ. ಸಣ್ಣ ಅಂಗಡಿಗಳ ರೇಟು ಕೂಡ ಹತ್ತಿಪ್ಪತ್ತು ರೂಪಾಯಿ ಆಚೀಚೆ. ಮತ್ತೆ ಪೈಪೋಟಿ ಎಲ್ಲಿ ನಡೆಯುತ್ತೆ?

ಭಾನುವಾರದ ಬೆಂಚು

ಒಂದು ಸಣ್ಣ ಲೆಕ್ಕ. ಎರಡು ಕುರ್ಚಿ, ಒಂದು ಕಟಿಂಗ್‌ಗೆ 20 ನಿಮಿಷ. ಅಂದರೆ ಗಂಟೆಗೆ ಹೆಚ್ಚೆಂದರೆ 6 ತಲೆ. ಭಾನುವಾರ ಬೆಳಿಗ್ಗೆ ಗಂಟೆಗೆ 5 ಜನ ಬರ್ತಾರೆ, ಒಬ್ಬೊಬ್ಬರೂ ಕಾಯೋದೂ ಸೇರಿ ಸರಾಸರಿ ಒಂದು ಗಂಟೆ ಒಳಗಿರ್ತಾರೆ ಅಂದುಕೊಳ್ಳಿ. ಸಿಸ್ಟಮ್ ಡಿಸೈನ್ ಇಂಟರ್‌ವ್ಯೂಗೆ ಓದಿದವರಿಗೆ ಲಿಟಲ್ಸ್ ಲಾ ನೆನಪಿರಬೇಕು: ಬರುವ ವೇಗವನ್ನ ಒಳಗಿರುವ ಸಮಯದಿಂದ ಗುಣಿಸಿದರೆ ಒಳಗಿರುವ ಜನ. 5 ಗುಣಿಸು 1, ಅಂದರೆ 5 ಜನ. ಇಬ್ಬರು ಕುರ್ಚಿ ಮೇಲೆ, ಮೂವರು ಬೆಂಚಿನ ಮೇಲೆ.

ಆಮೇಲೆ ಬಂದವನು ಬಾಗಿಲಲ್ಲೇ ನಿಂತು ಬೆಂಚು ನೋಡ್ತಾನೆ, ಪಕ್ಕದ ಅಂಗಡಿಗೆ ನಡೀತಾನೆ. ಅಂದರೆ ಭಾನುವಾರದ ಪೈಪೋಟಿ ರೇಟಿನದಲ್ಲ, ಬೆಂಚಿನದು. ಅದಕ್ಕೇ ಮಾಲೀಕ ಒಳಗಿಂದಲೇ "ಬಸ್ ದಸ್ ಮಿನಿಟ್, ಸರ್" ಅಂತ ಕೂಗೋದು. ಹತ್ತು ನಿಮಿಷದಲ್ಲಿ ಆಗಲ್ಲ ಅಂತ ಅವನಿಗೂ ಗೊತ್ತು, ನಮಗೂ ಗೊತ್ತು!

ಬುಧವಾರ ಮಧ್ಯಾಹ್ನ ಪೂರ್ತಿ ಉಲ್ಟಾ. ಅದೇ ಕುರ್ಚಿ ಖಾಲಿ. ಖಾಲಿ ಕುರ್ಚಿ ಅಂದರೆ ಹೊರಟುಹೋದ ಬಸ್ಸಿನ ಖಾಲಿ ಸೀಟು. ಇವತ್ತಿನ ಮೂರು ಗಂಟೆಯನ್ನ ನಾಳೆ ಮಾರೋಕಾಗಲ್ಲ. ಬಾಡಿಗೆ ಮಾತ್ರ ಏಳೂ ದಿನಕ್ಕೆ ಓಡುತ್ತೆ. ಆಫರ್, ಕಟಿಂಗ್ ಜೊತೆ ಪುಕ್ಕಟೆ ಹೆಡ್ ಮಸಾಜ್, ಇವೆಲ್ಲ ಹುಟ್ಟೋದು ಇಲ್ಲಿಂದ.

ಟ್ಯಾಕ್ಸ್ ಕಥೆ

ಎಸಿ ಸಲೂನ್ ಮತ್ತು ಸಣ್ಣ ಅಂಗಡಿ ನಡುವೆ ಜಿಎಸ್‌ಟಿ ಒಂದು ಗೋಡೆಯಾಗಿತ್ತು. ಸೇವೆ ಕೊಡೋರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ನೋಂದಣಿ ಬೇಕಿಲ್ಲ. ಕಟಿಂಗ್‌ಗೆ 150 ರೂಪಾಯಿ ಅಂತ ಹಿಡಿದರೆ, ವರ್ಷ ಪೂರ್ತಿ ದಿನಕ್ಕೆ 36 ತಲೆ ಆಗೋವರೆಗೂ ಆ ಮಿತಿಯೊಳಗೇ. ಎರಡು ಕುರ್ಚಿಯ ಎಷ್ಟೋ ಅಂಗಡಿಗಳು ಇದರ ಕೆಳಗೇ ಉಳೀತವೆ. ದೊಡ್ಡ ಸಲೂನ್‌ 500ರ ಕಟಿಂಗ್‌ಗೆ 18% ಸೇರಿಸಿ 590 ಕೇಳಬೇಕಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು 5% ಆಗಿದೆ, ಬಿಲ್ಲು 525. ಆದರೆ ಈ 5%ನಲ್ಲಿ ಇನ್‌ಪುಟ್ ಕ್ರೆಡಿಟ್ ಇಲ್ಲ. ಬಾಡಿಗೆ, ಶಾಂಪೂ, ಕುರ್ಚಿ ಮೇಲೆ ಕಟ್ಟಿದ ಟ್ಯಾಕ್ಸನ್ನ ವಾಪಸ್ ಹೊಂದಿಸಿಕೊಳ್ಳೋಕಾಗಲ್ಲ. ಹಾಗಾಗಿ ಟ್ಯಾಕ್ಸ್ ಇಳಿದಷ್ಟೂ ರೇಟು ಪೂರ್ತಿ ಇಳಿಯುತ್ತೆ ಅಂತ ಕಾಯಬೇಡಿ. ಆದರೂ ಗೋಡೆ ಗಿಡ್ಡ ಆಯ್ತು, ಸಣ್ಣ ಅಂಗಡಿಗಿದ್ದ ಅನುಕೂಲ ಕಡಿಮೆ ಆಯ್ತು.

ನಿಜವಾದ ಬಂಡವಾಳ: ನೆನಪು

ಈಗ ಮುಖ್ಯ ವಿಷಯ. ಪುಣೆಗೆ ಹೊಸದಾಗಿ ಬಂದಾಗ ಏನು ಹೇಳಬೇಕು ಅಂತ ಗೊತ್ತಾಗಲ್ಲ. 'ಮೀಡಿಯಂ' ಅಂದರೆ ಒಬ್ಬನಿಗೆ ಒಂದು ಅರ್ಥ. ಹಿಂದಿ ಅರ್ಧಂಬರ್ಧ, ಮರಾಠಿ ಇನ್ನೂ ಕಲೀಬೇಕು. ಒಮ್ಮೆ ಒಬ್ಬ ಕೈಗೆ ನಿಮ್ಮ ತಲೆ ಅರ್ಥ ಆಯ್ತು ಅಂದರೆ ಮುಗೀತು. ಮುಂದಿನ ತಿಂಗಳು ಮಾತೇ ಬೇಡ, ಕೂತರೆ ಸಾಕು. ಸುಳಿ ಎಲ್ಲಿದೆ, ಕಿವಿ ಹತ್ತಿರ ಎಷ್ಟು ಬಿಡಬೇಕು, ಎಲ್ಲಾ ಅವನಿಗೆ ಗೊತ್ತು. ನೀವು ಅಂಗಡಿ ಬದಲಿಸಿದರೆ ಅದನ್ನೆಲ್ಲ ಮೊದಲಿಂದ ಹೇಳಬೇಕು. ಇದೇ ಸ್ವಿಚಿಂಗ್ ಕಾಸ್ಟ್. ಊರು ಬಿಟ್ಟು ಬಂದೋರಿಗೆ ಅದು ಇನ್ನೂ ಜಾಸ್ತಿ.

ಆದರೆ ಆ ನೆನಪು ಯಾರದ್ದು? ಅಂಗಡಿಯದ್ದಲ್ಲ, ಆ ಕೈಯದ್ದು. ಎಷ್ಟೋ ಅಂಗಡಿಗಳಲ್ಲಿ ಕೆಲಸಗಾರನಿಗೆ, ಇಲ್ಲಿ ಕಾರೀಗರ್ ಅಂತಾರೆ, ಸಂಬಳ ಇರಲ್ಲ. ಅವನ ಕುರ್ಚಿಯಲ್ಲಿ ಆದ ದುಡ್ಡಿನಲ್ಲಿ ಪಾಲು. ಕುರ್ಚಿ, ಕನ್ನಡಿ, ಕರೆಂಟು ಮಾಲೀಕನದು. ಗಿರಾಕಿ ಕಾರೀಗರನ ಹಿಂದೆ. ನಮ್ಮ ಬೀದಿಯ ಮೂರನೇ ಸಲೂನ್ ಹುಟ್ಟಿದ್ದೇ ಹೀಗೆ. ಎರಡನೇ ಅಂಗಡಿಯ ಹುಡುಗ ಒಂದು ಕುರ್ಚಿ ಹಾಕಿಕೊಂಡು ನೂರು ಹೆಜ್ಜೆ ಆಚೆ ಕೂತ. ಅರ್ಧ ಭಾನುವಾರ ಅವನ ಜೊತೆಗೇ ಹೋಯ್ತು. ಹಳೇ ಮಾಲೀಕನ ದೃಷ್ಟಿಯಲ್ಲಿ ಅದು ದ್ರೋಹ, ಹುಡುಗನ ದೃಷ್ಟಿಯಲ್ಲಿ ಅದು ಪ್ರಮೋಷನ್. ನೋಟಿಸ್ ಪೀರಿಯಡ್ ಮುಗಿಸಿ ಕಂಪನಿ ಬದಲಿಸೋ ನಾವು ಇದರಲ್ಲಿ ತೀರ್ಪು ಕೊಡೋದು ಕಷ್ಟ.

ಮನೆಗೇ ಬಂದು ಕಟಿಂಗ್ ಮಾಡೋ ಆ್ಯಪ್‌ಗಳು ಕೈಹಾಕಿದ್ದು ಇದೇ ನೆನಪಿನ ಮೇಲೆ. ಅಲ್ಲಿ ರೇಟಿಂಗ್, ಬುಕಿಂಗ್, ನಿಮ್ಮ ಹಿಸ್ಟರಿ ಎಲ್ಲಾ ಆ್ಯಪ್‌ನಲ್ಲಿ. ಕಾರೀಗರ್ ಆ್ಯಪ್ ಬಿಟ್ಟರೆ ಅವನ ಸ್ಟಾರ್‌ಗಳು ಅವನ ಜೊತೆ ಬರಲ್ಲ. ಬೀದಿಯ ಹುಡುಗ ಒಂದು ಕುರ್ಚಿಯಿಂದ ಮಾಲೀಕನಾದ. ಆ್ಯಪ್‌ನ ಹುಡುಗನಿಗೆ ಆ ಮೆಟ್ಟಿಲು ಎಲ್ಲಿದೆ?

2020ರ ಲಾಕ್‌ಡೌನ್‌ನಲ್ಲಿ ಮಹಾರಾಷ್ಟ್ರದ ಸಲೂನ್‌ಗಳು ಮಾರ್ಚ್‌ನಲ್ಲಿ ಮುಚ್ಚಿ ಜೂನ್ 28ಕ್ಕೆ ತೆರೆದವು. ಆಗಲೂ ಕಟಿಂಗ್‌ಗೆ ಅನುಮತಿ ಇತ್ತು, ಶೇವಿಂಗ್‌ಗೆ ಇರಲಿಲ್ಲ. ನಾವು ವರ್ಕ್ ಫ್ರಮ್ ಹೋಮ್ ಮಾಡಿದ್ವಿ, ಕತ್ತರಿಗೆ ಆ ಸೌಕರ್ಯ ಇಲ್ಲ. ಮೂರು ತಿಂಗಳ ಖಾಲಿ ಕುರ್ಚಿಯ ದುಡ್ಡು ಯಾವತ್ತೂ ವಾಪಸ್ ಬರಲ್ಲ.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಉಪದೇಶ ಏನಿಲ್ಲ. ಹೈಬ್ರಿಡ್ ಕೆಲಸ ಇದ್ದರೆ ಭಾನುವಾರ ಬಿಟ್ಟು ಬುಧವಾರ ಹೋಗಿ. ನಿಮಗೆ ಬೆಂಚು ಇಲ್ಲ, ಅವರಿಗೆ ಖಾಲಿ ಕುರ್ಚಿ ಇಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ರಿವ್ಯೂ ಬರೆದರೆ ಅಂಗಡಿ ಹೆಸರಿನ ಜೊತೆ ನಿಮಗೆ ಕಟಿಂಗ್ ಮಾಡಿದವನ ಹೆಸರನ್ನೂ ಬರೀರಿ. ಅದಕ್ಕೆ ಮೊದಲು ಹೆಸರು ಕೇಳಬೇಕಾಗುತ್ತೆ. ತಿಂಗಳಿಗೊಮ್ಮೆ ನಮ್ಮ ಕುತ್ತಿಗೆ ಹತ್ತಿರ ಕತ್ತಿ ಹಿಡಿಯೋ ಮನುಷ್ಯ ಅಲ್ವಾ, ಅಷ್ಟಾದರೂ ಗೊತ್ತಿರಲಿ.