ಹತ್ತನೆಯ ತರಗತಿಯ ನಂತರ ಎರಡು ವರ್ಷ: ಕನ್ನಡ ಮಕ್ಕಳಿಗೆ ಐ.ಟಿ.ಐ. ದಾರಿ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದರ ಪಾಲಿಗೆ ಬಂದವು. ಈ ಭಾಗದ ಶಾಲೆಗಳಲ್ಲಿ ಕನ್ನಡ ಉಳಿಯಿತು. ಶಾಲೆಯ ಆಚೆಗಿನ ದಾರಿ ಮಾತ್ರ ತೆಲುಗು ಮತ್ತು ಇಂಗ್ಲಿಷಿನದಾಯಿತು. ಸಂವಿಧಾನದ 350ಎ ವಿಧಿಯೂ ಮಾತೃಭಾಷಾ ಬೋಧನೆಯ ಮಾತನ್ನು ಪ್ರಾಥಮಿಕ ಹಂತಕ್ಕೇ ನಿಲ್ಲಿಸುತ್ತದೆ. ಹೀಗಾಗಿ ಕೌತಾಳ, ಹೊಳಗುಂದ, ಕೋಸಿಗಿ ಕಡೆಯ ಅನೇಕ ಪಾಲಕರು ತಾಂತ್ರಿಕ ಶಿಕ್ಷಣವೆಂದೊಡನೆ ಹಿಂಜರಿಯುತ್ತಾರೆ. ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುವ ಕುಟುಂಬಗಳಲ್ಲಿ ಈ ಹಿಂಜರಿಕೆಗೆ ಬೆಲೆ ತೆರುವವರು ಮಕ್ಕಳೇ.

ಹತ್ತನೆಯ ತರಗತಿ ಮುಗಿಸಿದವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಎಂಬ ಎರಡು ವರ್ಷದ ವೃತ್ತಿಗಳಿವೆ. ಯಂತ್ರಭಾಗಗಳನ್ನು ತಯಾರಿಸುವ, ಜೋಡಿಸುವ, ದುರಸ್ತಿ ಮಾಡುವ ವಿದ್ಯೆ ಇದು. ಫಿಟ್ಟರ್ ವಿದ್ಯಾರ್ಥಿ ಮೊದಲ ತಿಂಗಳುಗಳಲ್ಲಿ ಮಾಡುವುದು ನೋಡುವವರಿಗೆ ಕೂಲಿ ಕೆಲಸದಂತೆಯೇ ಕಾಣುತ್ತದೆ: ಬೆಂಚ್ ವೈಸಿಗೆ ಕಬ್ಬಿಣದ ತುಂಡು ಬಿಗಿದು ಅರದಿಂದ ಉಜ್ಜುವುದು, ಗುರುತು ಹಾಕುವುದು, ಕೊಯ್ಯುವುದು. ಆದರೆ ಆ ಉಜ್ಜುವಿಕೆಗೆ ಅಳತೆಯಿದೆ. ವರ್ನಿಯರ್ ಕ್ಯಾಲಿಪರ್ 0.02 ಮಿಲಿಮೀಟರ್‌ವರೆಗೆ, ಮೈಕ್ರೋಮೀಟರ್ 0.01 ಮಿಲಿಮೀಟರ್‌ವರೆಗೆ ತಪ್ಪನ್ನು ತೋರಿಸಿಬಿಡುತ್ತವೆ. ಬಳಿಕ ಡ್ರಿಲ್ಲಿಂಗ್, ವೆಲ್ಡಿಂಗ್, ಲೇತ್ ಕೆಲಸ, ಬೇರಿಂಗ್ ಹಾಗೂ ಗೇರುಗಳ ಜೋಡಣೆ ಬರುತ್ತವೆ.

ಆದೋನಿಯಲ್ಲಿ ಇದರ ಉಪಯೋಗಕ್ಕೆ ದೂರ ಹುಡುಕಬೇಕಾಗಿಲ್ಲ. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಡಬಲ್ ರೋಲರ್ ಜಿನ್ನಿನಲ್ಲಿ ಚರ್ಮದ ರೋಲರಿಗೂ ಅದಕ್ಕೆ ಒತ್ತಿಕೊಂಡಿರುವ ಚಾಕುವಿಗೂ ಇರುವ ಹೊಂದಾಣಿಕೆ ತಪ್ಪಿದರೆ ಅರಳೆ ಕೆಡುತ್ತದೆ, ಬೀಜ ಒಡೆಯುತ್ತದೆ. ಅದನ್ನು ಸರಿಪಡಿಸುವ ಕೈ ಫಿಟ್ಟರನದು. ಗಡಿಯಾಚೆ ಬಳ್ಳಾರಿ ದಾಟಿದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿದೆ. ಅಲ್ಲಿ ಕನ್ನಡ ಬಲ್ಲವನೆಂಬುದು ಕೊರತೆಯಲ್ಲ.

ಭಾಷೆಯ ಭಯವನ್ನು ಸ್ವಲ್ಪ ಅಳೆದು ನೋಡಬೇಕು. ಬೀದಿಯ ತೆಲುಗು ಈ ಮಕ್ಕಳಿಗೆ ಹೊಸದಲ್ಲ. ಲೇತ್, ಚಕ್, ಗೇಜ್ ಎಂಬ ಪದಗಳು ತೆಲುಗು ಮಾಧ್ಯಮದ ಹುಡುಗನಿಗೂ ಅಷ್ಟೇ ಪರಕೀಯ. ನಿಜವಾದ ತೊಡಕು ಥಿಯರಿ ಪಾಠದಲ್ಲಿ. ಅದಕ್ಕೆ ಪರಿಹಾರವೂ ಇದೆ: ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ, ಅಂದರೆ ನಿಮಿ, ಐ.ಟಿ.ಐ. ಪುಸ್ತಕಗಳನ್ನು ಕನ್ನಡದಲ್ಲಿಯೂ ಹೊರತಂದಿದೆ. ಕೇಂದ್ರ ಸರ್ಕಾರದ ಭಾರತ್ ಸ್ಕಿಲ್ಸ್ ತಾಣದಲ್ಲಿ ಇಂತಹ ಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ತರಗತಿಯಲ್ಲಿ ತೆಲುಗಿನಲ್ಲಿ ಕೇಳಿ, ಮನೆಯಲ್ಲಿ ಕನ್ನಡದಲ್ಲಿ ಓದಲು ಅಡ್ಡಿಯೇನಿಲ್ಲ. ಹೆಣ್ಣುಮಕ್ಕಳಿಗೂ ಈ ವೃತ್ತಿಗಳು ತೆರೆದಿವೆ; ಮುಚ್ಚಿರುವುದು ಹೆಚ್ಚಾಗಿ ಮನೆಯ ಬಾಗಿಲು.

ಸೇರುವ ಮುನ್ನ ಕಾಗದಪತ್ರ ನೋಡುವುದು ಅಗತ್ಯ. ಸಂಸ್ಥೆಯಷ್ಟೇ ಅಲ್ಲ, ಆರಿಸಿಕೊಂಡ ವೃತ್ತಿಗೂ ಕೇಂದ್ರದ ಮಾನ್ಯತೆ ಇರಬೇಕು; ಅಖಿಲ ಭಾರತ ವೃತ್ತಿ ಪರೀಕ್ಷೆ ಮುಗಿಸಿದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಸಿಗುವುದು ಅದರಿಂದಲೇ.

ಇನ್ನೊಂದು ವಿಷಯವನ್ನು ಪಾಲಕರು ಬಹಳ ತಡವಾಗಿ ತಿಳಿಯುತ್ತಾರೆ. ಹತ್ತನೆಯ ತರಗತಿಯ ನಂತರ ಪಾಲಿಟೆಕ್ನಿಕ್ ಸೇರುವ ಯೋಚನೆಯೂ ಇದ್ದರೆ, ಆಂಧ್ರದಲ್ಲಿ 85 ಪ್ರತಿಶತ ಸೀಟುಗಳು ಸ್ಥಳೀಯ ಅಭ್ಯರ್ಥಿಗಳಿಗೆ. 371ಡಿ ವಿಧಿಯಡಿ 1974ರಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶದಂತೆ, ಅರ್ಹತಾ ಪರೀಕ್ಷೆಯ ವರ್ಷಕ್ಕೆ ಕೊನೆಗೊಳ್ಳುವ ಸತತ ನಾಲ್ಕು ವರ್ಷ ಆ ಪ್ರದೇಶದಲ್ಲಿ ಓದಿದವನು ಸ್ಥಳೀಯ. ಒಳ್ಳೆಯ ಕನ್ನಡ ಶಾಲೆಯೆಂದು ಒಂಬತ್ತು, ಹತ್ತನೆಯ ತರಗತಿಗೆ ಮಗುವನ್ನು ಬಳ್ಳಾರಿಗೋ ಸಿರುಗುಪ್ಪಕ್ಕೋ ಕಳುಹಿಸಿದರೆ ಈ ಎಣಿಕೆ ಮುರಿಯುತ್ತದೆ. ಆದೋನಿಯಲ್ಲೇ ಮನೆಯಿದ್ದರೂ ಉಳಿದ 15 ಪ್ರತಿಶತದಲ್ಲಿ ಸ್ಪರ್ಧಿಸಬೇಕಾದೀತು. ಊರಿನ ಕನ್ನಡ ಶಾಲೆಯಲ್ಲೇ ಓದಿದ ಮಗುವಿಗೆ ಈ ತೊಂದರೆ ಇಲ್ಲ.

ಐ.ಟಿ.ಐ. ಮುಗಿದ ಮೇಲೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗುವವರು 1961ರ ಅಪ್ರೆಂಟಿಸ್ ಕಾಯಿದೆಯಡಿ ಒಪ್ಪಂದಕ್ಕೆ ಸಹಿ ಹಾಕಬೇಕು. ಹದಿನೆಂಟು ತುಂಬದಿದ್ದರೆ ಸಹಿ ತಂದೆತಾಯಿಯದು ಅಥವಾ ಪೋಷಕರದು. ಕಾಯಿದೆಯ ದೃಷ್ಟಿಯಲ್ಲಿ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿದಾರ. ಕೊಡುವುದು ಸ್ಟೈಪೆಂಡ್, ಸಂಬಳವಲ್ಲ; ಅವಧಿ ಮುಗಿದೊಡನೆ ಕೆಲಸ ಖಚಿತವೂ ಅಲ್ಲ. ಆದರೆ ತರಬೇತಿಯ ವೇಳೆ ಗಾಯವಾದರೆ ಮಾಲೀಕನು ಪರಿಹಾರ ಕೊಡಬೇಕೆಂದು 16ನೆಯ ಕಲಮು ಹೇಳುತ್ತದೆ. ಒಪ್ಪಂದವನ್ನು ಓದಿಸಿ ಕೇಳಿಕೊಂಡು, ಅದು ನೋಂದಣಿಯಾಗಿದೆಯೇ ಎಂದು ವಿಚಾರಿಸಿ, ಒಂದು ಪ್ರತಿಯನ್ನು ಮನೆಯಲ್ಲಿ ಇರಿಸಿಕೊಳ್ಳಬೇಕು.